ಏಳು ದಿನದ ನಾಣ್ಯ: ಕೆಲವು ಟಿಪ್ಪಣಿಗಳು

ಗೋಲ್ಡ್‌ಶೈರ್ ಒಂದು ಸಣ್ಣ ಊರು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದ ಭೂಪಟದಲ್ಲಷ್ಟೇ ಇರುವ ಊರು. ಒಂದು ಛತ್ರ, ಒಂದು ಕುಲುಮೆ, ಕೈಬೆರಳಲ್ಲಿ ಎಣಿಸುವಷ್ಟು ಮನೆ, ಅಷ್ಟು ದೂರಕ್ಕೆ ಒಂದು ಕೆರೆ. ಆಟಕ್ಕೆ ಹೊಸದಾಗಿ ಕಾಲಿಟ್ಟವರು ಹಾದುಹೋಗುವ ಊರುಗಳಲ್ಲಿ ಇದೂ ಒಂದು. ಈಸ್ಟರ್ ಹೊತ್ತಿಗೆ ಒಂದು ವಾರ ಇಲ್ಲಿ ಜಾತ್ರೆ. ಬೇಲಿಯ ಬುಡದಲ್ಲಿ, ಮರದ ಬೇರಿನ ಸಂದಿಯಲ್ಲಿ, ಗೋಡೆಯ ಮೂಲೆಯಲ್ಲಿ ಬಣ್ಣದ ಮೊಟ್ಟೆಗಳು ಹುಟ್ಟುತ್ತವೆ. ಯಾರೋ ಎತ್ತಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆಲ್ಲೋ ಹುಟ್ಟುತ್ತವೆ. ಡ್ರ್ಯಾಗನ್‌ಗಳನ್ನು ಕೊಂದು ಬಂದ ಯೋಧರೂ ಮಂತ್ರವಾದಿಗಳೂ ಆ ಮೊಟ್ಟೆಗಾಗಿ ಬಗ್ಗುತ್ತಾರೆ. ಹಬ್ಬದ ಹೆಸರು ನೋಬಲ್‌ಗಾರ್ಡನ್. ಮೊಟ್ಟೆಯೊಳಗೆ ಒಂದು ಚಾಕೊಲೇಟ್ ಇರುತ್ತದೆ. ಆ ಚಾಕೊಲೇಟೇ ಹಬ್ಬದ ನಾಣ್ಯ.

ನನ್ನ ಅಕ್ಕನ ಮಗಳು ಈ ಆಟವನ್ನು ಬಹಳ ಕಾಲದಿಂದ ಆಡುತ್ತಾಳೆ. ಅವಳ ಪಕ್ಕ ಕುಳಿತು ನೋಡಿದ್ದು, ಕೇಳಿ ತಿಳಿದದ್ದು, ಆಮೇಲೆ ಓದಿ ಖಾತ್ರಿ ಮಾಡಿಕೊಂಡದ್ದು ಎಲ್ಲವೂ ಈ ಟಿಪ್ಪಣಿಗಳಲ್ಲಿ ಸೇರಿಕೊಂಡಿವೆ. ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಬಿಡುವಿಗೆಂದು ಆಡುವ ಆಟ, ಅದರಲ್ಲೂ ಹಬ್ಬವೆಂದು ಕರೆದ ವಾರ. ಅಲ್ಲಿ ಇಷ್ಟೊಂದು ಜನ ಒಂದೊಂದು ಸೆಕೆಂಡ್ ಉಳಿಸಲು ಇಷ್ಟು ಶ್ರದ್ಧೆಯಿಂದ ತಲೆ ಕೆಡಿಸಿಕೊಳ್ಳುವುದು ಏಕೆ?

*

ಮೊದಲು ದರಪಟ್ಟಿ. ಹಬ್ಬದ ವ್ಯಾಪಾರಿಯ ಹತ್ತಿರ ವಸಂತದ ಉಡುಪು ಇದೆ, ಸಾಕು ಮೊಲ ಇದೆ. ಮೊಲಕ್ಕೆ 100 ಚಾಕೊಲೇಟ್. ಎಲ್ಲರ ಕಣ್ಣು ಇರುವುದು ಸ್ವಿಫ್ಟ್ ಸ್ಪ್ರಿಂಗ್‌ಸ್ಟ್ರೈಡರ್ ಎಂಬ ಉದ್ದಕಾಲಿನ ಸವಾರಿ ಹಕ್ಕಿಯ ಮೇಲೆ. ಅದರ ಬೆಲೆ 500. ಒಂದು ಮೊಟ್ಟೆಗೆ ಒಂದು ಚಾಕೊಲೇಟ್ ಖಂಡಿತ. ಅದೃಷ್ಟ ಚೆನ್ನಾಗಿದ್ದರೆ ಅದೇ ಮೊಟ್ಟೆಯಲ್ಲಿ ಉಡುಪೋ ಮೊಲವೋ ಸಿಕ್ಕೀತು. ಅದೃಷ್ಟವನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ ಐನೂರು ಸಲ ಬಗ್ಗಬೇಕು.

ಆಟ ಶುರುವಾದದ್ದು 2004ರ ನವೆಂಬರಿನಲ್ಲಿ. ಮೊದಲ ವರ್ಷಗಳಲ್ಲಿ ನೋಬಲ್‌ಗಾರ್ಡನ್ ಈಸ್ಟರ್ ಭಾನುವಾರದ ಒಂದೇ ದಿನದ ಸಂಭ್ರಮವಾಗಿತ್ತು. 2009ರಲ್ಲಿ ಅದನ್ನು ಒಂದು ವಾರಕ್ಕೆ ಹಿಗ್ಗಿಸಿದರು. ಸಾಧನೆಗಳ ಪಟ್ಟಿ ಬಂತು, ಅದನ್ನು ಪೂರೈಸಿದವರಿಗೆ ‘ನೋಬಲ್’ ಎಂಬ ಬಿರುದು ಬಂತು. ಆ ಪಟ್ಟಿಯಲ್ಲಿ ವಿಚಿತ್ರಗಳಿವೆ. ಮೊಲವಾಗಿ ಮಾರ್ಪಟ್ಟು ಅನ್‌ಗೋರೊ ಎಂಬ ಕುಳಿಯ ಬಿಸಿನೀರಿನ ಬುಗ್ಗೆಗೆ ಹೋಗಿ ಮೊಟ್ಟೆ ಇಡಬೇಕು ಎಂಬುದು ಒಂದು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಈ ನಾಣ್ಯವನ್ನು ತಿನ್ನಬಹುದು. ಚಾಕೊಲೇಟ್ ತಿಂದರೆ ಪಾತ್ರದ ಆಯಾಸ ಸ್ವಲ್ಪ ಇಳಿಯುತ್ತದೆ, ತಿಂದದ್ದಕ್ಕೂ ಸಾಧನೆಗಳ ಪಟ್ಟಿಯಲ್ಲಿ ಒಂದು ಜಾಗವಿದೆ. ಅಕ್ಟೋಬರಿನಲ್ಲಿ ಬರುವ ಹ್ಯಾಲೋಸ್ ಎಂಡ್ ಹಬ್ಬದ ನಾಣ್ಯ ಟ್ರಿಕಿ ಟ್ರೀಟ್ ಎಂಬ ಮಿಠಾಯಿ. ಅದನ್ನು ಮಿತಿಮೀರಿ ತಿಂದು ಹೊಟ್ಟೆ ಕೆಡಿಸಿಕೊಂಡವರಿಗೂ ಒಂದು ಸಾಧನೆಯ ಗುರುತು ಸಿಗುತ್ತದೆ. ತಿಂದರೆ ಅಂಗಡಿಗೆ ಕೊಡಲು ಉಳಿಯುವುದಿಲ್ಲ. ಹಬ್ಬದ ಹಣವನ್ನು ತಿನ್ನುವ ಪದಾರ್ಥವಾಗಿ ಮಾಡಿದವರು ಯಾರೋ, ಹಬ್ಬ ಎಂದರೇನೆಂದು ಚೆನ್ನಾಗಿ ಬಲ್ಲವರು.

*

ಮೊಟ್ಟೆ ಕೂಡಿಸುವ ಕ್ರಮ.

ಹೊಸಬರು ಓಡುತ್ತಾರೆ. ಊರಿನ ಈ ತುದಿಯಲ್ಲಿ ಒಂದು ಕಂಡಿತು, ಓಡಿದರು. ತಲುಪುವಷ್ಟರಲ್ಲಿ ಬೇರೆಯವರು ಎತ್ತಿದ್ದರು. ಆ ತುದಿಯಲ್ಲಿ ಇನ್ನೊಂದು ಕಂಡಿತು, ಮತ್ತೆ ಓಡಿದರು. ಹಳಬರು ಓಡುವುದಿಲ್ಲ. ಮೊಟ್ಟೆ ಎಲ್ಲೆಂದರಲ್ಲಿ ಹುಟ್ಟುವಂತೆ ಕಂಡರೂ ಹುಟ್ಟುವ ಜಾಗಗಳು ಮೊದಲೇ ಗೊತ್ತುಮಾಡಿದವು. ನಾಲ್ಕೈದು ಜಾಗಗಳು ಹತ್ತಿರ ಹತ್ತಿರ ಇರುವ ಮೂಲೆಯೊಂದನ್ನು ಹಿಡಿದು, ಅವುಗಳ ನಡುವೆ ನಿಂತು, ಪಾತ್ರವನ್ನು ಕದಲಿಸದೆ ಕ್ಯಾಮೆರಾವನ್ನಷ್ಟೇ ತಿರುಗಿಸುತ್ತಾರೆ. ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುವ ಹೆಂಗಸರಿಗೆ ಕೈ ಈ ಗಿಡದಲ್ಲಿದ್ದಾಗ ಕಣ್ಣು ಮುಂದಿನ ಗಿಡದಲ್ಲಿರುತ್ತದಲ್ಲ, ಹಾಗೆ ಇವರ ಕಣ್ಣು ಯಾವಾಗಲೂ ಒಂದು ಮೊಟ್ಟೆ ಮುಂದೆ ಇರುತ್ತದೆ.

ಊರಿನ ಆಯ್ಕೆಯೂ ಮುಖ್ಯ. ಆಟಗಾರರಲ್ಲಿ ಎರಡು ಎದುರಾಳಿ ಪಕ್ಷಗಳಿವೆ. ಒಂದು ಪಕ್ಷದವರಿಗೆ ಗೋಲ್ಡ್‌ಶೈರ್, ಕರಾನೋಸ್, ಡೋಲನಾರ್, ಆಝರ್ ವಾಚ್. ಎದುರು ಪಕ್ಷದವರಿಗೆ ರೇಝರ್ ಹಿಲ್, ಬ್ಲಡ್‌ಹೂಫ್, ಫಾಲ್ಕನ್‌ವಿಂಗ್ ಚೌಕ. ಎಲ್ಲರೂ ಹೆಸರು ಕೇಳಿದ ಊರಿಗೆ ನುಗ್ಗಿದಾಗ ದೂರದ ಊರಿಗೆ ಹೋದವರಿಗೆ ಲಾಭ. ಹೊತ್ತೂ ಹಾಗೆಯೇ. ಯುರೋಪಿನ ಸರ್ವರ್‌ನಲ್ಲಿ ಆಡುವ ನಮ್ಮ ಹುಡುಗಿಗೆ ಬೆಳಗಿನ ಕಾಫಿಯ ಸಮಯ ಬಹಳ ಅನುಕೂಲ. ಆಗ ಅಲ್ಲಿಯವರು ನಿದ್ದೆಯಲ್ಲಿರುತ್ತಾರೆ, ಊರು ಖಾಲಿ. ಭಾರತದಲ್ಲಿ ಕುಳಿತು ಆಡುವವರಿಗೆ ಪಿಂಗ್ ಹೆಚ್ಚು. ಇಲ್ಲಿ ಗುಂಡಿ ಒತ್ತಿದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಪಕ್ಕದವನ ಕೈ ಮುಂದಾಗಿರುತ್ತದೆ. ಆ ನಷ್ಟವನ್ನು ಗಡಿಯಾರದ ವ್ಯತ್ಯಾಸ ತುಂಬಿಕೊಡುತ್ತದೆ.

ಆಮೇಲೆ ಸಣ್ಣ ಸಣ್ಣ ಉಳಿತಾಯಗಳು. ಮೊಟ್ಟೆ ಒಡೆದಾಗ ಕೆಲವೊಮ್ಮೆ ಪಾತ್ರ ಮೊಲವಾಗಿ ಬಿಡುತ್ತದೆ. ನೋಡಲು ಮುದ್ದಾದ ತಮಾಷೆ. ಲೆಕ್ಕದವರು ಆ ಮಾಯೆಯನ್ನು ತಕ್ಷಣ ಕ್ಲಿಕ್ಕಿಸಿ ತೆಗೆದುಹಾಕುತ್ತಾರೆ. ಹಬ್ಬದ ಕೆಲಸವೊಂದನ್ನು ಮುಗಿಸಿಕೊಟ್ಟರೆ ಒಂದು ಬುಟ್ಟಿ ಸಿಗುತ್ತದೆ, ಅದು ಕೈಯಲ್ಲಿದ್ದರೆ ಓಟ ಚುರುಕಾಗುತ್ತದೆ. ಹಾಗಾಗಿ ಮೊದಲ ಕೆಲವು ಮೊಟ್ಟೆ ಬುಟ್ಟಿಗಾಗಿ. 2022ರಲ್ಲಿ ಆಟಕ್ಕೆ ಹೊಸ ಸೌಲಭ್ಯವೊಂದು ಬಂತು. ಹತ್ತಿರದ ವಸ್ತುವನ್ನು ಮೌಸ್‌ನಿಂದ ಗುರಿ ಹಿಡಿಯದೆ ಕೀಬೋರ್ಡಿನ ಒಂದೇ ಕೀಲಿಯಿಂದ ಎತ್ತಿಕೊಳ್ಳಬಹುದು. ಹುಲ್ಲಿನ ಮರೆಯಲ್ಲಿರುವ ಮೊಟ್ಟೆಗೆ ಅದು ವರ.

ಹತ್ತು ಸೆಕೆಂಡಿಗೆ ಒಂದು ಮೊಟ್ಟೆ ಸಿಕ್ಕಿದರೆ ಗಂಟೆಗೆ 360. ಹದಿನೈದು ಸೆಕೆಂಡಾದರೆ 240. ಐನೂರು ಮುಟ್ಟಲು ಮೊದಲನೆಯವರಿಗೆ ಒಂದೂವರೆ ಗಂಟೆಯೊಳಗೆ ಸಾಕು, ಎರಡನೆಯವರಿಗೆ ಎರಡು ಗಂಟೆ ದಾಟಬೇಕು. ಈ ಐದು ಸೆಕೆಂಡಿನ ಅಂತರಕ್ಕಾಗಿಯೇ ಅಷ್ಟೆಲ್ಲ ಯೋಚನೆ.

*

ಕೇಳಿದೆ: “ಅಷ್ಟು ಅವಸರ ಯಾಕೆ ಪುಟ್ಟಿ? ಒಂದು ವಾರ ಇದೆಯಲ್ಲ.”

“ವಾರ ಹಬ್ಬಕ್ಕಿದೆ ಚಿಕ್ಕಮ್ಮ, ನನಗೆಲ್ಲಿದೆ? ಆಫೀಸು ಮುಗಿಸಿ ಬಂದು ಊಟ ಆದಮೇಲೆ ಉಳಿಯೋದೆಷ್ಟು ಹೊತ್ತು ನೀವೇ ನೋಡ್ತಿದ್ದೀರಲ್ಲ.”

ಈ ಮಾತು ನನ್ನ ಊಹೆಯನ್ನು ತಲೆಕೆಳಗು ಮಾಡಿತು. ಇಷ್ಟು ಲೆಕ್ಕ ಹಾಕುವವರಿಗೆ ಬೇರೆ ಕೆಲಸವಿರಲಾರದು ಎಂದು ಹೊರಗಿನವರಿಗೆ ತೋರುತ್ತದೆ. ನಾನು ನೋಡಿದ ಮಟ್ಟಿಗೆ ವಿಷಯ ಬೇರೆ. ರಜೆಯಲ್ಲಿರುವ ಶಾಲೆಯ ಮಕ್ಕಳು ಊರು ಸುತ್ತುತ್ತಾರೆ, ಮೊಲವಾಗಿ ಕುಪ್ಪಳಿಸುತ್ತಾರೆ, ಸಿಕ್ಕ ಚಾಕೊಲೇಟನ್ನು ತಿಂದು ಮುಗಿಸುತ್ತಾರೆ. ಕ್ಯಾಮೆರಾದ ಕೋನ ಲೆಕ್ಕ ಹಾಕುವವರು ಕೆಲಸಕ್ಕೆ ಹೋಗುವವರು, ಮಗುವನ್ನು ಮಲಗಿಸಿ ಬಂದವರು, ಪರೀಕ್ಷೆ ತಲೆಯ ಮೇಲಿರುವವರು. ದಿನಕ್ಕೆ ಒಂದು ಗಂಟೆ ಸಿಕ್ಕೀತು, ಅದೂ ಎಲ್ಲ ದಿನ ಇಲ್ಲ. ಹಬ್ಬ ಅವರಿಗಾಗಿ ಕಾಯುವುದಿಲ್ಲ. ಈ ವಾರ ತಪ್ಪಿದರೆ ಹಕ್ಕಿಗೆ ಮುಂದಿನ ವಸಂತ. ಹೊತ್ತು ಕಡಿಮೆ ಇರುವವರಿಗೆ ಚುರುಕೊಂದೇ ಬಂಡವಾಳ.

ಇದನ್ನು ಬರೆದುಕೊಂಡ ಮೇಲೆ ಅವರ ಲೆಕ್ಕಾಚಾರದ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

*

ಇದೇ ಆಟದ ಬೇರೆ ಹಬ್ಬಗಳಲ್ಲಿ ನಾಣ್ಯದ ಗುಣ ಬೇರೆ, ಆದ್ದರಿಂದ ಚುರುಕಿನ ಅರ್ಥವೂ ಬೇರೆ.

ಚಾಂದ್ರಮಾನ ಹೊಸವರ್ಷದ ಹೊತ್ತಿಗೆ ಬರುವ ಲೂನಾರ್ ಫೆಸ್ಟಿವಲ್‌ನಲ್ಲಿ ಪೂರ್ವಜರ ನಾಣ್ಯ ಎಂದಿದೆ. ಆಟದ ಖಂಡಗಳಲ್ಲೆಲ್ಲ ಹಿರಿಯರ ಆತ್ಮಗಳು ನಿಂತಿರುತ್ತವೆ. ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ನಮಸ್ಕರಿಸಿದರೆ ಒಂದು ನಾಣ್ಯ; ಆ ವರ್ಷಕ್ಕೆ ಆ ಹಿರಿಯರಿಂದ ಮತ್ತೆ ಸಿಗುವುದಿಲ್ಲ. ಮೂಲೆ ಹಿಡಿದು ನಿಂತು ಇಲ್ಲಿ ಪ್ರಯೋಜನವಿಲ್ಲ. ಯಾವ ಊರಿನಿಂದ ಹೊರಟು ಯಾವ ಊರಿಗೆ ಹಾರಿದರೆ ದಾರಿ ಚಿಕ್ಕದು ಎಂಬುದಷ್ಟೇ ಲೆಕ್ಕ. ಕೆಲವರು ಪಾಳುಬಿದ್ದ ನಗರಗಳೊಳಗೆ, ಕೆಲವರು ಶತ್ರುವಿನ ರಾಜಧಾನಿಯಲ್ಲೇ ನಿಂತಿದ್ದಾರೆ. ಅಲ್ಲಿಗೆ ಹೋಗಬೇಕಾದರೆ ಜೊತೆ ಬೇಕು. ಎಷ್ಟು ಚುರುಕಾದರೂ ದೇಶ ಸುತ್ತದೆ ನಾಣ್ಯ ಸಿಗದು. ವರ್ಷಗಟ್ಟಲೆ ಕಾಲಿಡದ ಹಳೆಯ ಊರುಗಳನ್ನು ಆಟಗಾರರು ಮತ್ತೆ ನೋಡುತ್ತಾರೆ. ನಾನು ನೋಡಿದ ಹಬ್ಬದ ನಾಣ್ಯಗಳಲ್ಲಿ ಬಹಳ ಚೆನ್ನಾಗಿ ಯೋಚಿಸಿ ಮಾಡಿದ್ದು ಇದು.

ಬ್ರೂಫೆಸ್ಟ್ ಜರ್ಮನಿಯ ಬಿಯರ್ ಹಬ್ಬದ ಮಾದರಿಯದು. ಅಲ್ಲಿ ಟಗರಿನ ಸವಾರಿ. ಪೀಪಾಯಿ ಹೊತ್ತು ತರಬೇಕು, ನಿಗದಿಯಾದ ಸಮಯದೊಳಗೆ ಎಷ್ಟು ಸಲ ಹೋಗಿ ಬಂದರೆ ಅಷ್ಟು ಟೋಕನ್. ಲಗಾಮು ಜಗ್ಗಿದಷ್ಟೂ ಟಗರು ವೇಗವಾಗಿ ಓಡುತ್ತದೆ, ಓಡಿದಷ್ಟೂ ದಣಿಯುತ್ತದೆ. ದಣಿವು ಮಿತಿಮೀರಿದರೆ ತೆವಳುತ್ತದೆ. ದಾರಿಯಲ್ಲಿ ಸೇಬಿನ ಪೀಪಾಯಿಗಳಿವೆ, ಅವುಗಳ ಹತ್ತಿರ ಹಾದರೆ ದಣಿವೆಲ್ಲ ಇಳಿಯುತ್ತದೆ. ಮುಂದಿನ ಸೇಬು ಬರುವ ಹೊತ್ತಿಗೆ ಸರಿಯಾಗಿ ದಣಿವು ಅಂಚು ಮುಟ್ಟುವಂತೆ ಜಗ್ಗುವುದೇ ಜಾಣತನ. ನಮ್ಮ ಹುಡುಗಿ ಇದನ್ನು ಮಾಡುವಾಗ ಉಸಿರು ಹಿಡಿದಿರುತ್ತಾಳೆ. ಮೊಟ್ಟೆ ಎತ್ತುವಾಗ ಆ ಮುಖ ಕಾಣುವುದಿಲ್ಲ. ಲಾಭದ ಲೆಕ್ಕ ಎರಡರಲ್ಲೂ ಇದೆ. ಆದರೆ ಟಗರಿನ ಓಟದಲ್ಲಿ ಲೆಕ್ಕವೇ ಆಟವಾಗಿದೆ.

*

ಕೆನಡಾದಲ್ಲಿ ಪಾಠ ಹೇಳುತ್ತಿದ್ದ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಆಟಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಾದದ ಸಾರ ಇಷ್ಟು: ಸುಲಭದ ದಾರಿ ಇದ್ದರೂ ಅದನ್ನು ಬಿಟ್ಟು, ಬೇಕೆಂದೇ ಕಷ್ಟದ ದಾರಿಯನ್ನು ಒಪ್ಪಿಕೊಳ್ಳುವುದು ಆಟದ ಮೂಲಗುಣ. ಗಾಲ್ಫ್ ಚೆಂಡು ಗುಳಿಯಲ್ಲಿ ಬೀಳಬೇಕೆಂಬುದಷ್ಟೇ ಗುರಿಯಾದರೆ ಕೈಯಲ್ಲಿ ಹಿಡಿದುಕೊಂಡು ಹೋಗಿ ಹಾಕಬಹುದು. ಯಾರೂ ಹಾಗೆ ಮಾಡುವುದಿಲ್ಲ.

ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಅನ್ನಿಸಿತು. ಕಷ್ಟದ ದಾರಿಯನ್ನು ಒಮ್ಮೆ ಒಪ್ಪಿಕೊಂಡ ಮೇಲೆ ಆ ದಾರಿಯೊಳಗೆ ಚುರುಕಾಗಿ ಹೋಗುವುದು ಗಾಲ್ಫ್ ಆಡುವವರೂ ಮಾಡುವ ಕೆಲಸ, ಕಬಡ್ಡಿ ಆಡುವವರೂ ಮಾಡುವ ಕೆಲಸ. ಮಿಕ್ಕ ಅರ್ಧ ಇನ್ನೂ ಕಗ್ಗಂಟು. ಗಾಲ್ಫಿನಲ್ಲಿ ಹೊಡೆತ ಸುಧಾರಿಸಿದರೆ ಆಟ ಹೆಚ್ಚು ಚೆನ್ನಾಗುತ್ತದೆ. ಮೊಟ್ಟೆ ಕೂಡಿಸುವುದರಲ್ಲಿ ಕ್ರಮ ಸುಧಾರಿಸಿದಷ್ಟೂ ಹಬ್ಬ ಕಣ್ಣಿನಿಂದ ಮರೆಯಾಗುತ್ತ ಹೋಗುತ್ತದೆ. ಐನೂರನೆಯ ಮೊಟ್ಟೆ ಎತ್ತುವವರಿಗೆ ಗೋಲ್ಡ್‌ಶೈರ್‌ನ ಮರಗಳು ಕಾಣುತ್ತಿರುತ್ತವೆಯೇ?

ಕೇಳಿದೆ. “ಇಲ್ಲ” ಅಂದಳು. ನೇರವಾಗಿ ಹೇಳಿದ್ದಕ್ಕೆ ಮೆಚ್ಚಿಕೊಂಡೆ.

*

ಹಾಗೆಂದು ನಾಣ್ಯ ಕೂಡಿಸುವ ಕೆಲಸವೆಲ್ಲ ಒಂಟಿತನದ್ದಲ್ಲ. ‘ಗಿಲ್ಡ್ ವಾರ್ಸ್ 2’ ಎಂಬ ಇನ್ನೊಂದು ಆಟ 2012ರ ಆಗಸ್ಟ್‌ನಲ್ಲಿ ಬಂತು. ಅಲ್ಲಿ ಹ್ಯಾಲೋವೀನ್ ಕಾಲಕ್ಕೆ ಮ್ಯಾಡ್ ಕಿಂಗ್ ಥಾರ್ನ್ ಎಂಬ ಹುಚ್ಚುರಾಜನ ಚಕ್ರವ್ಯೂಹ ತೆರೆಯುತ್ತದೆ. ಒಬ್ಬರು ಮುಂದಾಳಾಗಿ ತಲೆಯ ಮೇಲೆ ಗುರುತು ಹೊತ್ತು ಹೊರಟರೆ ನಲವತ್ತೈವತ್ತು ಜನ ಹಿಂದೆ ಓಡುತ್ತಾರೆ. ಬಾಗಿಲಿಂದ ಬಾಗಿಲಿಗೆ ಸುತ್ತು. ಬಾಗಿಲು ತಟ್ಟಿದರೆ ಅಸ್ಥಿಪಂಜರಗಳೂ ಜೇಡಗಳೂ ಹೊರಬರುತ್ತವೆ. ಸತ್ತವುಗಳಿಂದ ಟ್ರಿಕ್ ಆರ್ ಟ್ರೀಟ್ ಚೀಲ, ಕ್ಯಾಂಡಿ ಕಾರ್ನ್. ದಾರಿಯಲ್ಲಿ ಅಟ್ಟಿಸಿಕೊಂಡು ಬರುವ ಭೀಕರ ಪ್ರಾಣಿಗೆ ಆಟದವರು ಇಟ್ಟ ಹೆಸರು ಉದ್ದವಾದದ್ದು, ಆಟಗಾರರು ಅದನ್ನು ಸ್ಟೀವ್ ಎಂದು ಕರೆಯುತ್ತಾರೆ. ಸ್ಟೀವ್ ಬಂದ ಎಂದರೆ ಗುಂಪೆಲ್ಲ ಎಚ್ಚೆತ್ತುಕೊಳ್ಳುತ್ತದೆ.

ಇಲ್ಲಿನ ಚುರುಕಿನ ಸೂತ್ರ ಬೇರೆ. ಶತ್ರುವನ್ನು ಒಬ್ಬರೇ ಕೊಲ್ಲಬೇಕಾಗಿಲ್ಲ. ಸಾಕಷ್ಟು ಪೆಟ್ಟು ಕೊಟ್ಟಿದ್ದರೆ ಸಾಕು, ಪಾಲು ಸಿಗುತ್ತದೆ. ಹಾಗಾಗಿ ಒಬ್ಬನನ್ನು ಜೋರಾಗಿ ಹೊಡೆಯುವ ಆಯುಧಕ್ಕಿಂತ ಸುತ್ತಲಿನ ಎಲ್ಲರನ್ನೂ ಒಮ್ಮೆಗೇ ತಾಕುವ ಆಯುಧ ಮೇಲು. ಗುಂಪು ದೊಡ್ಡದಾದಷ್ಟೂ ಸುತ್ತು ಸಲೀಸು. ಗೋಲ್ಡ್‌ಶೈರ್‌ನಲ್ಲಿ ಪಕ್ಕದವನು ಪ್ರತಿಸ್ಪರ್ಧಿ, ಚಕ್ರವ್ಯೂಹದಲ್ಲಿ ಪಕ್ಕದವನು ಸಹಾಯಕ. ನಾಣ್ಯ ಹಂಚುವ ನಿಯಮ ಒಂದನ್ನು ಬದಲಿಸಿದ್ದಕ್ಕೆ ಜನರ ನಡವಳಿಕೆ ಇಷ್ಟು ಬದಲಾಗುತ್ತದೆ. ಊರಿನ ಕೆರೆ ಹೂಳೆತ್ತುವ ಯೋಜನೆ ಮಾಡುವವರೂ ಇದನ್ನು ಗಮನಿಸಬೇಕು.

ಇನ್ನೊಂದು ವ್ಯತ್ಯಾಸ: ಆ ಚೀಲಗಳನ್ನು ಆಟದೊಳಗಿನ ಮಾರುಕಟ್ಟೆಯಲ್ಲಿ ಮಾರಬಹುದು. ಮಾರಿದ ಹಣದಲ್ಲಿ ಮಾರುಕಟ್ಟೆ ಒಟ್ಟು ನೂರಕ್ಕೆ ಹದಿನೈದು ಪಾಲು ಕಡಿತ ಮಾಡಿಕೊಳ್ಳುತ್ತದೆ. ಹಬ್ಬ ನಡೆಯುವಾಗ ಚೀಲಗಳು ರಾಶಿ ಬೀಳುವುದರಿಂದ ಬೆಲೆ ಇಳಿಯುತ್ತದೆ, ಹಬ್ಬ ಮುಗಿದ ಮೇಲೆ ನಿಧಾನವಾಗಿ ಏರುತ್ತದೆ. ಸುಗ್ಗಿಯಲ್ಲಿ ಮಾರದೆ ಕಾಯ್ದಿಟ್ಟುಕೊಳ್ಳುವವರು ಅಲ್ಲೂ ಇದ್ದಾರೆ. ಹಬ್ಬದಲ್ಲಿ ಓಡಲು ಹೊತ್ತಿಲ್ಲದವರು ಬೇರೆ ದಿನ ದುಡಿದ ಆಟದ ಹಣ ಕೊಟ್ಟು ಚೀಲ ಕೊಳ್ಳುತ್ತಾರೆ. ಇದು ನನಗೆ ಸರಿ ಕಾಣುತ್ತದೆ. ಹಬ್ಬದ ದಿನ ಊರಿಗೆ ಬರಲಾಗದವರಿಗೂ ಪ್ರಸಾದ ತಲುಪಬೇಕು.

*

ಎಲ್ಲಕ್ಕಿಂತ ಕಟ್ಟುನಿಟ್ಟಿನ ಲೆಕ್ಕ ಜಪಾನಿನ ಫೋನ್ ಆಟವೊಂದರದು. ‘ಫೇಟ್/ಗ್ರ್ಯಾಂಡ್ ಆರ್ಡರ್’ 2015ರ ಜುಲೈನಲ್ಲಿ ಅಲ್ಲಿ ಶುರುವಾಯಿತು. ಅದರಲ್ಲಿ ಪ್ರತಿ ಕಾಳಗಕ್ಕೂ ಎಪಿ ಎಂಬ ಶಕ್ತಿ ಖರ್ಚಾಗುತ್ತದೆ. ಶಕ್ತಿ ಐದು ನಿಮಿಷಕ್ಕೆ ಒಂದರಂತೆ ತಾನಾಗಿ ತುಂಬುತ್ತದೆ. ಗಂಟೆಗೆ 12, ದಿನಕ್ಕೆ 288. ಅದಕ್ಕಿಂತ ಒಂದೂ ಹೆಚ್ಚಿಲ್ಲ. ಹಬ್ಬದ ಒಳ್ಳೆಯ ಕಾಳಗವೊಂದಕ್ಕೆ 40 ಬೇಕೆಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ಕಾಯಬೇಕು. ಪಾತ್ರೆ ತುಂಬಿದ ಮೇಲೆ ತುಂಬುವುದು ನಿಲ್ಲುತ್ತದೆ, ಆದ್ದರಿಂದ ಖಾಲಿ ಮಾಡದೆ ಮಲಗಿದರೆ ನಷ್ಟ. ಅಲಾರಂ ಇಟ್ಟುಕೊಂಡು ಏಳುವವರಿದ್ದಾರೆ.

ಶಕ್ತಿ ಬೇಗ ತುಂಬಿಸಿಕೊಳ್ಳಲು ಸೇಬುಗಳಿವೆ. ಚಿನ್ನದ ಸೇಬು ಪೂರ್ತಿ ತುಂಬಿಸುತ್ತದೆ, ಬೆಳ್ಳಿಯದು ಅರ್ಧ. ಬಹುಪಾಲು ಆಟಗಾರರು ವರ್ಷವಿಡೀ ಇವನ್ನು ಮುಟ್ಟುವುದಿಲ್ಲ. ಲಾಟರಿ ಪೆಟ್ಟಿಗೆಯ ಹಬ್ಬಕ್ಕೆ ಎತ್ತಿಡುತ್ತಾರೆ. ಆ ಹಬ್ಬದಲ್ಲಿ ನಾಣ್ಯ ಕೊಟ್ಟು ಪೆಟ್ಟಿಗೆಯಿಂದ ಚೀಟಿ ಎತ್ತಬೇಕು. ಒಂದು ಪೆಟ್ಟಿಗೆ ಖಾಲಿಯಾದರೆ ಇನ್ನೊಂದು. ಮೊದಲ ಹತ್ತರಲ್ಲಿ ಬೆಲೆಬಾಳುವ ವಸ್ತುಗಳು ಹೆಚ್ಚು, ಆಮೇಲಿನವು ಒಂದೇ ಬಗೆಯವು, ಅವಕ್ಕೆ ಕೊನೆಯಿಲ್ಲ. ಕೊನೆಯಿಲ್ಲದ ಪೆಟ್ಟಿಗೆ, ಕೊನೆಯಿರುವ ಹಬ್ಬ. ಇವೆರಡರ ನಡುವೆ ಸಿಕ್ಕವರು ಒಂದು ಕಾಳಗವನ್ನು ಮೂರೇ ಸುತ್ತಿನಲ್ಲಿ ಮುಗಿಸುವ ತಂಡ ಕಟ್ಟುವುದನ್ನೇ ಕಲೆಯಾಗಿ ಬೆಳೆಸಿದ್ದಾರೆ. ಹಬ್ಬಕ್ಕೆಂದೇ ಕೊಡುವ ಕಾರ್ಡುಗಳನ್ನು ಪಾತ್ರಗಳಿಗೆ ತೊಡಿಸಿದರೆ ಪ್ರತಿ ಸಲವೂ ಒಂದೆರಡು ನಾಣ್ಯ ಹೆಚ್ಚು ಬೀಳುತ್ತದೆ. ಆದರೆ ಆ ಕಾರ್ಡು ತೊಟ್ಟ ಪಾತ್ರಕ್ಕೆ ಬಲದ ಕಾರ್ಡಿಗೆ ಜಾಗವಿಲ್ಲ. ಬಲ ಕಡಿಮೆಯಾದರೆ ಸುತ್ತು ಮೂರರಿಂದ ನಾಲ್ಕಕ್ಕೆ ಏರುತ್ತದೆ. ಎಷ್ಟು ಆಸೆ ಪಟ್ಟರೆ ಎಷ್ಟು ನಿಧಾನ ಎಂಬ ತೂಗಾಟ ಪ್ರತಿ ತಂಡದಲ್ಲೂ ಇದೆ.

ಇಲ್ಲಿ ಕಂಡ ಒಂದು ಒಳ್ಳೆಯ ರೂಢಿಯನ್ನು ಬರೆದಿಡಬೇಕು. ಈ ಆಟದಲ್ಲಿ ಸ್ನೇಹಿತರ ಪಾತ್ರವೊಂದನ್ನು ಕಾಳಗಕ್ಕೆ ಎರವಲು ಪಡೆಯಬಹುದು. ಹಬ್ಬ ಶುರುವಾದೊಡನೆ ಎಷ್ಟೋ ಜನ ತಮ್ಮ ಬಲವಾದ ಪಾತ್ರಕ್ಕೆ ಹಬ್ಬದ ಕಾರ್ಡು ತೊಡಿಸಿ ಸ್ನೇಹಿತರ ಉಪಯೋಗಕ್ಕೆಂದು ಹೊರಗೆ ನಿಲ್ಲಿಸುತ್ತಾರೆ. ತಮಗೆ ಬರುವ ಲಾಭ ಅಲ್ಪ, ಮುಖ ನೋಡದ ಯಾರಿಗೋ ಹೆಚ್ಚಿನ ನಾಣ್ಯ.

*

ಆ ಜಪಾನಿ ಆಟದ ಹಬ್ಬದ ನಾಣ್ಯಕ್ಕೆ ಹಬ್ಬದ ಆಯುಷ್ಯವೇ ಆಯುಷ್ಯ. ಅಂಗಡಿ ಇನ್ನು ಕೆಲವು ದಿನ ತೆರೆದಿರುತ್ತದೆ, ಆಮೇಲೆ ಕೈಯಲ್ಲಿ ಉಳಿದದ್ದಕ್ಕೆ ಬೆಲೆಯಿಲ್ಲ. ಸಾಯುವ ಹಣ ಹೊಸ ಕಲ್ಪನೆ ಎಂದುಕೊಂಡವರು ಆಸ್ಟ್ರಿಯಾದ ವೋರ್ಗ್ಲ್ ಪಟ್ಟಣದ ಕಥೆ ಓದಬೇಕು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದಾಗ, 1932ರ ಜುಲೈನಲ್ಲಿ, ಅಲ್ಲಿಯ ಮೇಯರ್ ಮೈಕೆಲ್ ಉಂಟರ್‌ಗುಗೆನ್‌ಬರ್ಗರ್ ಪಟ್ಟಣದ್ದೇ ಆದ ನೋಟು ಹೊರಡಿಸಿದರು. ತಿಂಗಳಿಗೊಮ್ಮೆ ನೋಟಿನ ಬೆಲೆಯ ನೂರಕ್ಕೆ ಒಂದು ಪಾಲಿನ ಸ್ಟಾಂಪು ಅಂಟಿಸದಿದ್ದರೆ ಅದು ನಡೆಯುತ್ತಿರಲಿಲ್ಲ. ಇಟ್ಟುಕೊಂಡರೆ ಕರಗುವ ಹಣವಾದ್ದರಿಂದ ಜನ ಬೇಗ ಬೇಗ ಖರ್ಚು ಮಾಡಿದರು, ಹಣ ಕೈಯಿಂದ ಕೈಗೆ ಹರಿಯಿತು, ರಸ್ತೆ ಸೇತುವೆಗಳ ಕೆಲಸ ನಡೆಯಿತು. ಆಸ್ಟ್ರಿಯಾದ ಕೇಂದ್ರ ಬ್ಯಾಂಕು ಒಪ್ಪಲಿಲ್ಲ. 1933ರ ಸೆಪ್ಟೆಂಬರಿನಲ್ಲಿ ಪ್ರಯೋಗ ನಿಂತಿತು. ಸಿಲ್ವಿಯೊ ಗೆಸೆಲ್ ಎಂಬ ಚಿಂತಕನ ವಿಚಾರ ಅದರ ಹಿಂದಿತ್ತು.

ವೋರ್ಗ್ಲ್‌ನ ನೋಟು ಕರಗಿದ್ದು ಊರಿಗೆ ಕೆಲಸ ಸಿಗಲೆಂದು. ಆಟದ ನಾಣ್ಯ ಕರಗುವುದು ಯಾರಿಗೆ ಏನು ಸಿಗಲೆಂದು? ಆಟಗಾರರು ಇಂಥ ದಿನದೊಳಗೆ ಬರಲೇಬೇಕು, ಬಂದು ಇಷ್ಟು ಹೊತ್ತು ಇರಲೇಬೇಕು ಎಂಬುದೇ ಉದ್ದೇಶವಾಗಿ ಕಾಣುತ್ತದೆ. ಇದು ಹಾಜರಿ ಪುಸ್ತಕ. ಶಕ್ತಿ ತುಂಬಿಸುವ ಹರಳುಗಳನ್ನು ನಿಜವಾದ ದುಡ್ಡಿಗೆ ಮಾರುವ ಆಟಗಳಲ್ಲಿ ಇದರ ಇನ್ನೊಂದು ಮುಖವೂ ಸ್ಪಷ್ಟ: ಹಬ್ಬ ಮುಗಿಯಲು ಎರಡು ದಿನ, ಬೇಕಾದದ್ದಕ್ಕೆ ಸ್ವಲ್ಪ ಕಡಿಮೆ, ಪಕ್ಕದಲ್ಲೇ ಕೊಳ್ಳುವ ಗುಂಡಿ. ನೋಬಲ್‌ಗಾರ್ಡನ್‌ನ ಚಾಕೊಲೇಟ್ ಹಾಗಲ್ಲ. ಈ ವರ್ಷ ಮುನ್ನೂರು ಕೂಡಿಸಿದವರ ಚೀಲದಲ್ಲಿ ಅದು ಮುಂದಿನ ವರ್ಷದವರೆಗೂ ಇರುತ್ತದೆ; ಆಗ ಇನ್ನೂರು ಕೂಡಿಸಿದರೆ ಹಕ್ಕಿ ಮನೆಗೆ ಬರುತ್ತದೆ. ಈ ಒಂದು ಸಣ್ಣ ಕರುಣೆಗಾಗಿ ಮೊಟ್ಟೆ ಎತ್ತುವ ಬೇಸರವನ್ನೂ ಕ್ಷಮಿಸಬಹುದು.

*

ಚುರುಕಿಗೂ ಮೋಸಕ್ಕೂ ನಡುವೆ ಗೆರೆ ಎಲ್ಲಿ? ಕೈ ತಾನೇ ಒತ್ತಿದರೆ ಚುರುಕು, ಯಂತ್ರ ಒತ್ತಿದರೆ ಮೋಸ. ಒಂದೇ ಒತ್ತಿಗೆ ಹಲವು ಖಾತೆಗಳ ಪಾತ್ರಗಳನ್ನು ಒಟ್ಟಿಗೆ ಆಡಿಸುವ ತಂತ್ರಾಂಶಗಳನ್ನು ವಾರ್‌ಕ್ರಾಫ್ಟ್ ನಡೆಸುವವರು 2020ರ ನವೆಂಬರಿನಲ್ಲಿ ನಿಷೇಧಿಸಿದರು. ಸರಿಯಾದ ನಿರ್ಧಾರ. ಮೂಲೆ ಹಿಡಿದು ನಿಂತ ಯಂತ್ರವೊಂದು ಊಟ ನಿದ್ದೆ ಇಲ್ಲದೆ ಮೊಟ್ಟೆ ಎತ್ತುತ್ತಿದ್ದರೆ, ಮಗು ಮಲಗಿದ ಮೇಲೆ ಒಂದು ಗಂಟೆ ಆಡಲು ಬಂದ ತಾಯಿಗೆ ಉಳಿಯುವುದೇನು?

*

ವಾರ್‌ಕ್ರಾಫ್ಟ್‌ನಲ್ಲಿ ಫೆಬ್ರುವರಿಗೆ ಬರುವ ಪ್ರೇಮೋತ್ಸವದ ಬಗ್ಗೆ ಬರೆಯುವಾಗ ಮನಸ್ಸು ಸ್ವಲ್ಪ ಭಾರವಾಗುತ್ತದೆ. ಅಲ್ಲೂ ಲವ್ ಟೋಕನ್ ಎಂಬ ನಾಣ್ಯವಿದೆ. 270 ಕೊಟ್ಟರೆ ಸ್ವಿಫ್ಟ್ ಲವ್‌ಬರ್ಡ್ ಎಂಬ ಸವಾರಿ ಹಕ್ಕಿ. ಕೂಡಿಸುತ್ತೀರಿ, ಕೊಳ್ಳುತ್ತೀರಿ, ಮುಗಿಯಿತು. ಅದೇ ಹಬ್ಬದಲ್ಲಿ ಬಿಗ್ ಲವ್ ರಾಕೆಟ್ ಎಂಬ ಸವಾರಿಯೂ ಇದೆ. ಅದಕ್ಕೆ ಬೆಲೆ ಇಲ್ಲ, ಅದೃಷ್ಟ ಮಾತ್ರ. ಶ್ಯಾಡೋಫ್ಯಾಂಗ್ ಕೋಟೆಯ ರಸವಾದಿಗಳನ್ನು ದಿನಕ್ಕೊಮ್ಮೆ ಸೋಲಿಸಿದರೆ ಹೃದಯದಾಕಾರದ ಪೆಟ್ಟಿಗೆ. ಅದರಲ್ಲಿ ರಾಕೆಟ್ ಇರುವುದು ಬಹಳ ಬಹಳ ಅಪರೂಪ. ಒಂದು ಪಾತ್ರಕ್ಕೆ ದಿನಕ್ಕೆ ಒಂದೇ ಪೆಟ್ಟಿಗೆಯಾದ್ದರಿಂದ ಜನ ಹತ್ತು, ಇಪ್ಪತ್ತು, ಐವತ್ತು ಪಾತ್ರ ಬೆಳೆಸಿ ಸಾಲಾಗಿ ನಿಲ್ಲಿಸಿದರು. ವರ್ಷ ವರ್ಷ ಪ್ರತಿದಿನ ಅಷ್ಟನ್ನೂ ಒಂದೊಂದಾಗಿ ಒಳಕ್ಕೆ ಕಳಿಸಿ ಬರಿಗೈಯಲ್ಲಿ ಎದ್ದವರು ಬಹಳ.

ನಾಣ್ಯ ಕೂಡಿಸುವುದರಲ್ಲೂ ಪೆಟ್ಟಿಗೆ ತೆರೆಯುವುದರಲ್ಲೂ ಶ್ರಮ ಒಂದೇ, ಲೆಕ್ಕದ ಹುರುಪೂ ಒಂದೇ. ಆದರೆ ಐನೂರು ಚಾಕೊಲೇಟ್ ಎಂದರೆ ಎಲ್ಲಿ ನಿಲ್ಲಬೇಕೆಂದು ಮೊದಲೇ ತಿಳಿದಿದೆ. ಪೆಟ್ಟಿಗೆಯ ಮುಂದೆ ನಿಂತವರಿಗೆ ನಿಲ್ಲುವ ಜಾಗವೇ ಇಲ್ಲ. ದಣಿವು ಮನುಷ್ಯರನ್ನು ಅಷ್ಟಾಗಿ ಕೆಡಿಸುವುದಿಲ್ಲ. ಎಲ್ಲಿಗೆ ಸಾಕು ಎಂದು ಗೊತ್ತಿಲ್ಲದ ದಣಿವು ಕೆಡಿಸುತ್ತದೆ.

‘ಸಿವಿಲೈಸೇಷನ್ 4’ ಆಟದ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್ ಎತ್ತಿದ ಮಾತೊಂದು ಆಟ ಮಾಡುವವರ ನಡುವೆ ಬಹಳ ಓಡಾಡುತ್ತದೆ. ಅವಕಾಶ ಕೊಟ್ಟರೆ ಆಟಗಾರರು ಆಟದ ಸಂತೋಷವನ್ನೇ ಹಿಂಡಿ ತೆಗೆಯುವಷ್ಟು ಲೆಕ್ಕಾಚಾರಕ್ಕೆ ಇಳಿಯುತ್ತಾರೆ ಎಂಬುದು ಅದರ ತಾತ್ಪರ್ಯ. ಇದನ್ನು ಆಟಗಾರರ ಮೇಲಿನ ದೂರಾಗಿ ಓದುವವರು ಹೆಚ್ಚು. ನಾನು ವಿನ್ಯಾಸಕರ ಹೊಣೆಯಾಗಿ ಓದುತ್ತೇನೆ. ಚುರುಕಾದ ದಾರಿ ಬೇಸರದ್ದಾಗಿದ್ದರೆ ಜನ ಬೇಸರದ ದಾರಿಯನ್ನೇ ಹಿಡಿಯುತ್ತಾರೆ, ಏಕೆಂದರೆ ಅವರಿಗೆ ಹೊತ್ತಿಲ್ಲ. ಟಗರಿನ ಓಟದಲ್ಲಿ, ಹಿರಿಯರ ದರ್ಶನದಲ್ಲಿ, ಹುಚ್ಚುರಾಜನ ಚಕ್ರವ್ಯೂಹದಲ್ಲಿ ಚುರುಕಾದ ದಾರಿಯೂ ಖುಷಿಯ ದಾರಿಯೂ ಒಂದೇ ಆಗುವಂತೆ ಮಾಡಿದ್ದಾರೆ. ಮಾಡಲು ಸಾಧ್ಯ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

*

ಆಟ ಮಾಡುವವರಲ್ಲಿ, ಅವರಲ್ಲಿ ಕನ್ನಡ ಓದುವವರೂ ಈಗ ಬೇಕಾದಷ್ಟು ಇದ್ದಾರೆ, ನನ್ನದು ಮೂರು ಕೋರಿಕೆ. ಹಬ್ಬದ ಮೊದಲ ದಿನವೇ ಎಲ್ಲ ಸಾಮಾನಿನ ಬೆಲೆಯನ್ನೂ ಮುಗಿಯುವ ತಾರೀಖನ್ನೂ ಎದುರಿಗೆ ಬರೆದು ಹಾಕಿ. ಉಳಿದ ನಾಣ್ಯವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಡಿ. ಅದೃಷ್ಟದಿಂದಷ್ಟೇ ಸಿಗುವ ವಸ್ತುವಿಗೂ, ಎಷ್ಟೇ ದುಬಾರಿಯಾಗಲಿ, ನಾಣ್ಯದ ಬೆಲೆಯೊಂದನ್ನು ಕಟ್ಟಿ. ಆಡುವವರು ಮಾಡಬೇಕಾದದ್ದು ಇಷ್ಟೆ: ಅಂಗಡಿಯಲ್ಲಿ ನಿಮಗೆ ನಿಜವಾಗಿ ಬೇಕಾದದ್ದು ಯಾವುದೆಂದು ಮೊದಲು ಗೊತ್ತುಮಾಡಿ, ಅದಕ್ಕೆ ಬೇಕಾದಷ್ಟು ಕೂಡಿಸಿ, ಆಮೇಲೆ ಮೂಲೆ ಬಿಟ್ಟುಕೊಟ್ಟು ಊರೊಳಗೆ ಒಂದು ಸುತ್ತು ಓಡಾಡಿ ಬನ್ನಿ.